ಹಾಡಿ ಬಿಟ್ಟುದು ಯಾರ ಸೊತ್ತು?

ಕೃತಿಯೊಂದು ಮುಗಿಯಿತೆಂದು ಹೇಳುವ ಅಧಿಕಾರವು ಯಾರದು? ಮಾಡಿದವನದೋ, ಕೇಳುವವರದೋ, ಇಲ್ಲವೆ ಮಾಡಿದವನು ತೀರಿಹೋದ ಬಳಿಕ ಅವನ ಪೆಟ್ಟಿಗೆಯ ಕೀಲಿಕೈ ಯಾರ ಕೈಗೆ ಬರುವುದೋ ಅವರದೋ? ಮೇಲಿಂದ ನೋಡಿದವರಿಗೆ ಇದು ಪಂಡಿತರು ಹೊತ್ತು ಕಳೆಯುವುದಕ್ಕಾಗಿ ಎತ್ತಿಕೊಂಡ ಶುಷ್ಕವಾದವೆಂದು ತೋರಬಹುದು. ನನಗೂ ಬಹುಕಾಲ ಹಾಗೆಯೇ ತೋರಿತ್ತು. ಆದರೆ ಪ್ರಶ್ನೆಯು ಗ್ರಂಥದ ಪುಟದಿಂದೆದ್ದು ನಮ್ಮ ಮನೆಯ ಕಪಾಟಿನಲ್ಲಿಯೇ ಬಂದು ಕುಳಿತ ಮೇಲೆ, ಅದಕ್ಕೆ ಉತ್ತರ ಕೊಡದೆ ಮುಂದಕ್ಕೆ ಹೋಗುವುದು ಸಾಧ್ಯವಾಗಲಿಲ್ಲ. ಆ ಉತ್ತರವನ್ನು ಹುಡುಕಿದ ಬಗೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ಅಮ್ಮಿನಬಾವಿಯು ಧಾರವಾಡದಿಂದ ಸವದತ್ತಿಗೆ ಹೋಗುವ ದಾರಿಯಲ್ಲಿರುವ ಹಳೆಯ ಊರು. ಶ್ರಾವಣ ಬಂದಿತೆಂದರೆ ಇಲ್ಲಿ ರಾತ್ರಿಯ ಊಟವಾದ ಮೇಲೆ ತಾಳದ ಸಪ್ಪಳವು ಕೇಳದ ಓಣಿಯಿರುತ್ತಿರಲಿಲ್ಲ. ನನಗಿಂತ ಹದಿನಾಲ್ಕು ವರ್ಷ ಹಿರಿಯನಾದ ನನ್ನ ಅಣ್ಣನು ಊರಿನ ಭಜನಾ ಮೇಳದಲ್ಲಿ ಮೂವತ್ತು ವರ್ಷ ಹಾಡಿದವನು. ಮೇಳದಲ್ಲಿ ಹಾಡುವವನಿಗೆ ಬೇರೆ ಹೆಸರಿಲ್ಲ. ಹತ್ತು ಜನರ ದನಿಯಲ್ಲಿ ತನ್ನ ದನಿಯನ್ನು ಕರಗಿಸಿಬಿಡುವುದೇ ಅಲ್ಲಿಯ ಶಿಸ್ತು. ಅದೇ ಅಲ್ಲಿಯ ಸುಖ. ಆದರೂ ಅಣ್ಣನ ಕಂಠವನ್ನು ಬೇರೆಯಾಗಿ ಕೇಳಬೇಕೆಂದು ಆಪ್ತರು ಬಹುದಿನ ಒತ್ತಾಯಪಡಿಸಿದ್ದರಿಂದ, 1986ರ ಶ್ರಾವಣ ಮುಗಿದ ಬಳಿಕ ಅವನು ಮೇಳವನ್ನು ಬಿಟ್ಟು ಒಬ್ಬನೇ ಕುಳಿತು ಎಂಟು ಪದಗಳನ್ನು ಹಾಡಿ ಟೇಪಿನಲ್ಲಿ ಮುದ್ರಿಸಿದನು. ದಾಸರ ಪದ ಮೂರು, ಶಿಶುನಾಳದ ಶರೀಫ ಸಾಹೇಬರ ಪದ ಮೂರು, ವಚನ ಎರಡು. ತಬಲಾಕ್ಕೆ ಮೇಳದವರೊಬ್ಬರು, ಪೇಟಿಗೆ ನಾನು. ಕ್ಯಾಸೆಟ್ಟಿನ ಐವತ್ತು ಪ್ರತಿಗಳನ್ನು ಮಾಡಿಸಿ ಬಂಧುಗಳಿಗೂ ಸ್ನೇಹಿತರಿಗೂ ಹಂಚಿದನು. ಮತ್ತೆ ಎಂದೂ ಒಬ್ಬನೇ ಹಾಡಲಿಲ್ಲ, 2009ರಲ್ಲಿ ತೀರಿಕೊಂಡನು.

ಕಳೆದ ವರ್ಷ ಕಪಾಟನ್ನು ಝಾಡಿಸುವಾಗ ಆ ಎಂಟು ಪದಗಳ ಮೂಲ ಟೇಪುಗಳು ಸಿಕ್ಕವು. ಅವುಗಳಲ್ಲಿ ಎಂಟು ಪದಗಳಲ್ಲದೆ ಇನ್ನೂ ಒಂದು ತಾಸಿಗೆ ಮಿಕ್ಕಿದ ಧ್ವನಿಯಿದೆ. ಒಂದೇ ಪದವನ್ನು ಎತ್ತಿ ನಿಲ್ಲಿಸಿದ್ದು, ಮತ್ತೆ ಎತ್ತಿದ್ದು, ಕೆಮ್ಮಿದ್ದು, ನೀರು ಕುಡಿದದ್ದು, ನಡುವೆ ಯಾರಿಗೋ ಏನೋ ಹೇಳಿದ್ದು, ಎಂಟರಲ್ಲಿ ಸೇರದ ಒಂಬತ್ತನೆಯದೊಂದು ಪದ, ಎಲ್ಲವೂ ಇವೆ. ಅದರ ಹಿಂದಿನ ವರ್ಷವೇ ನಮ್ಮ ಅತ್ತಿಗೆಯವರು ಹೋಗಿದ್ದರು. ವಚನವೊಂದರ ನಡುವೆ ಅಣ್ಣನ ಗಂಟಲು ಕಟ್ಟಿ, ಅವನು ಅತ್ತದ್ದೂ ಆ ಟೇಪಿನಲ್ಲಿದೆ.

ಅಣ್ಣನ ಮಗಳು ಹುಬ್ಬಳ್ಳಿಯಿಂದ ಬಂದಿದ್ದಳು. ಕೇಳಿದ ಕೂಡಲೆ, 'ಕಾಕಾ, ಬರೇ ಎಂಟು ಪದಾ ಯಾಕ? ಟೇಪಿನ್ಯಾಗ ಇದ್ದದ್ದೆಲ್ಲಾ ಸೇರಿಸಿ ಹೊಸದಾಗಿ ಮಾಡಿಸೂಣು. ಅಪ್ಪನ ದನಿ ಒಂದು ಮಿನಿಟ ಸುದ್ದಾ ಯಾಕ ಕಳಕೋಬೇಕು?' ಎಂದಳು. ನಾನು ಒಡನೆಯೇ ಬೇಡವೆಂದೆನು. ಹಾಡುಗಾರನು ತಾನೇ ಬಿಟ್ಟುದನ್ನು ನಾವು ಎತ್ತಿ ತೋರಿಸುವುದು ಅವನಿಗೆ ಅಪಚಾರವೆಂದು ಹೇಳಿದೆನು. ಅವಳು ಸುಮ್ಮನಾದಳು, ಒಪ್ಪಲಿಲ್ಲ. ಕಾಕಾನ ಮಾತಿಗೆ ಎದುರಾಡಬಾರದೆಂದು ಸುಮ್ಮನಾದಳೆಂಬುದು ನನಗೆ ತಿಳಿಯಿತು. ಹಾಗೆ ಗೆದ್ದ ವಾದವು ಗೆದ್ದ ವಾದವಲ್ಲ.

ಅವಳ ಮಗನು ಇಂಜಿನಿಯರಿಂಗ ಓದುವ ಹುಡುಗ. ಗಿಟಾರು ಬಾರಿಸುವ ಹವ್ಯಾಸವುಂಟು. ತಾಯಿಯ ಪಕ್ಷವನ್ನು ಅವನು ಬೇರೊಂದು ಬಗೆಯಿಂದ ಎತ್ತಿ ಹಿಡಿದನು. 'ಅಜ್ಜಾ, ಇದನ್ನ ಒಮ್ಮೆ ಕೇಳ್ರಿ' ಎಂದು ಒಂದು ಇಂಗ್ಲಿಷ್ ಹಾಡನ್ನು ಹಚ್ಚಿದನು. ಕೇಳುತ್ತ ಕೇಳುತ್ತ ಹಿನ್ನೆಲೆಯವರ ಬಾಯಲ್ಲಿ ಕೃಷ್ಣನಾಮವೂ, ನಾವು ಪಾಠಶಾಲೆಯಲ್ಲಿ ದಿನದ ಮೊದಲು ಹೇಳುತ್ತಿದ್ದ ಗುರುಸ್ತೋತ್ರದ ಶ್ಲೋಕವೂ ಬಂದಾಗ ನಾನು ಬೆರಗಾದೆನು.

ಇಂಗ್ಲಂಡದ ಲಿವರ್‌ಪೂಲ್ ಎಂಬ ಊರಿನ ನಾಲ್ವರು ತರುಣರ ಬೀಟಲ್ಸ್ ಎಂಬ ರಾಕ್ ಸಂಗೀತದ ಮೇಳದ ಹೆಸರನ್ನು ವಾಚಕರಲ್ಲಿ ಬಹುಜನರು ಕೇಳಿರುವರು. ಆ ಮೇಳದಲ್ಲಿ ಪದ ಕಟ್ಟುವವರು ಮುಖ್ಯವಾಗಿ ಜಾನ್ ಲೆನನ್ ಮತ್ತು ಪಾಲ್ ಮೆಕಾರ್ಟ್ನಿ ಎಂಬ ಇಬ್ಬರು. ಪಂಡಿತ ರವಿಶಂಕರರ ಹತ್ತಿರ ಸಿತಾರ ಕಲಿತ ಜಾರ್ಜ್ ಹ್ಯಾರಿಸನ್ ಎಂಬವನಿಗೆ ಒಂದೊಂದು ಮುದ್ರಿಕೆಯಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ಪದಗಳಷ್ಟೇ ಸ್ಥಳ ದೊರೆಯುತ್ತಿತ್ತು. ಉಳಿದ ಪದಗಳು ಅವನ ಹತ್ತಿರವೇ ಕೂಡಿಬಿದ್ದವು. 1970ರಲ್ಲಿ ಮೇಳವು ಮುರಿಯಿತು. ಅದೇ ವರ್ಷದ ನವೆಂಬರದಲ್ಲಿ ಅವನು ತನ್ನ ಹೆಸರಿನಿಂದಲೇ ಮೂರು ತಟ್ಟೆಗಳಷ್ಟು ದೊಡ್ಡ ಸಂಗ್ರಹವೊಂದನ್ನು ಹೊರಡಿಸಿದನು. ಅದರ ಹೆಸರು 'ಆಲ್ ಥಿಂಗ್ಸ್ ಮಸ್ಟ್ ಪಾಸ್'. ಎಲ್ಲವೂ ಕಳೆದುಹೋಗತಕ್ಕದ್ದೇ ಎಂದು ಅರ್ಥ. ಹುಡುಗನು ನನಗೆ ಕೇಳಿಸಿದ 'ಮೈ ಸ್ವೀಟ್ ಲಾರ್ಡ್' ಎಂಬುದು ಅದರೊಳಗಿನದು.

ಮುಂದಿನ ಕಥೆಯು ನಮ್ಮ ವಿಷಯಕ್ಕೆ ಬೇಕಾದದ್ದು. ಮೂವತ್ತು ವರ್ಷಗಳು ಕಳೆದ ಮೇಲೆ, 2001ರ ಜನವರಿಯಲ್ಲಿ, ಹ್ಯಾರಿಸನ್ನನು ತಾನೇ ಮುಂದೆ ನಿಂತು ಆ ಸಂಗ್ರಹವನ್ನು ಮರಳಿ ಹೊರಡಿಸಿದನು. ಮೊದಲು ಇಲ್ಲದ ಐದು ಹಾಡುಗಳನ್ನು ಸೇರಿಸಿದನು. ಅವುಗಳಲ್ಲಿ ಕೆಲವು ಹಿಂದೆ ಮುದ್ರಿಸಿ ಇಟ್ಟವು. ಒಂದು ಹೊಸದಾಗಿ ಹಾಡಿದುದು. ಮೊದಲಿನ ಮುದ್ರಣದಲ್ಲಿ ವಾದ್ಯಗಳ ಆರ್ಭಟವೂ ಪ್ರತಿಧ್ವನಿಯೂ ಅತಿಯಾದುವೆಂದು ಅವನಿಗೆ ಆಗ ಅನಿಸಿತ್ತು. ಅವುಗಳ ಹಿಡಿತದಿಂದ ಕೆಲವು ಹಾಡುಗಳನ್ನು ಬಿಡಿಸಬೇಕೆಂಬ ಆಸೆಯನ್ನು ಬರೆದೂ ತೋರಿಸಿದನು. ಆದರೂ ಹಳೆಯ ಹಾಡುಗಳ ಮೇಳವಣಿಯನ್ನು ಬದಲಿಸದೆ ಇದ್ದಂತೆಯೇ ಇಟ್ಟನು. ಅದೇ ವರ್ಷದ ನವೆಂಬರದಲ್ಲಿ, 58ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. 2021ರಲ್ಲಿ ಅವನ ಮಗನಾದ ಧನಿಯು ಮೂಲ ಟೇಪುಗಳಿಂದ ಆ ಹಾಡುಗಳನ್ನು ಮತ್ತೆ ಹೊಂದಿಸಿ, ಅದುವರೆಗೆ ಪ್ರಕಟವಾಗದಿದ್ದ 42 ಮುದ್ರಣಗಳನ್ನು ಸೇರಿಸಿ, ಒಟ್ಟು 70ರಷ್ಟು ದೊಡ್ಡ ಸಂಪುಟವನ್ನು ಹೊರಡಿಸಿದನು. ಧ್ವನಿಯನ್ನು ತಿಳಿಯಾಗಿಸಬೇಕೆಂಬುದು ತಂದೆಯ ಆಸೆಯೇ ಆಗಿತ್ತೆಂದು ಅವನು ಹೇಳಿಕೊಂಡನು.

ಇಲ್ಲಿ ಎರಡು ಕೆಲಸಗಳು ನಡೆದಿವೆ. ಹೊರಗಿನಿಂದ ಎರಡೂ ಒಂದೇ ಬಗೆಯವು. ಹಳೆಯ ಸಂಗ್ರಹ, ಮೇಲೆ ಹೆಚ್ಚಿನ ಹಾಡುಗಳು. ಆದರೆ ಮೊದಲನೆಯದು ಮಾಡಿದವನೇ ಸೇರಿಸಿದ್ದು. ಎರಡನೆಯದು ಮಾಡಿದವನು ಇಲ್ಲದಾಗ ಮಗನು ಸೇರಿಸಿದ್ದು. ಮೊದಲನೆಯದರಲ್ಲಿ ಐದನ್ನು ಆರಿಸಿ ಉಳಿದುದನ್ನು ಬಿಟ್ಟ ವಿವೇಕವು ತಂದೆಯದು. ಬಿಡುವುದೂ ಆ ಕೃತಿಯ ಒಂದು ಭಾಗವಾಗಿತ್ತು. ಎರಡನೆಯದರಲ್ಲಿ ಆ ಬಿಡುವಿಕೆಯೇ ಬಿಟ್ಟುಹೋಯಿತು. ಎಲ್ಲವೂ ಕಳೆದುಹೋಗತಕ್ಕದ್ದೇ ಎಂಬ ಹೆಸರಿನ ಸಂಗ್ರಹದಿಂದ ಒಂದನ್ನೂ ಕಳೆಯಗೊಡದಿರುವುದು ವಿಚಿತ್ರವಲ್ಲವೇ ಎಂದು ನಾನು ಹುಡುಗನನ್ನು ಕೇಳಿದೆನು. ಅವನು ನಕ್ಕು, 'ಅಜ್ಜಾ, ಕೇಳವರಿಗೆ ಬೇಕಾಗ್ಯಾವಲ್ಲ?' ಎಂದನು. ಉತ್ತರವು ಚಿಕ್ಕದು, ಆದರೆ ತಳ್ಳಿಹಾಕತಕ್ಕದ್ದಲ್ಲ.

ಈ ಸಮಸ್ಯೆಯು ಯಂತ್ರಯುಗದ ಸೃಷ್ಟಿಯೆಂದು ತಿಳಿಯುವುದು ತಪ್ಪು. ಸಂಸ್ಕೃತವನ್ನು ಓದಿದವರಿಗೆ ಇದು ಹಳೆಯ ಪರಿಚಯದ್ದೇ. ಋಗ್ವೇದಕ್ಕೆ ಖಿಲಸೂಕ್ತಗಳುಂಟು, ಮಹಾಭಾರತಕ್ಕೆ ಹರಿವಂಶವೇ ಖಿಲವು. ಖಿಲವೆಂದರೆ ಪರಿಶಿಷ್ಟ, ಮೂಲದ ಮಗ್ಗುಲಲ್ಲಿ ಇಟ್ಟುದು. ಹಿರಿಯರು ಅದನ್ನು ಬಿಸಾಡಲಿಲ್ಲ. ಮೂಲದೊಳಗೆ ಬೆರೆಸಿಯೂ ಬಿಡಲಿಲ್ಲ. ಬೇರೆ ಹೆಸರಿಟ್ಟು ಹತ್ತಿರ ಕೂರಿಸಿದರು. ಕಾಳಿದಾಸನ ಕುಮಾರಸಂಭವವು ಈಗ ಹದಿನೇಳು ಸರ್ಗಗಳಾಗಿ ಅಚ್ಚಾಗಿ ದೊರೆಯುವುದು. ಆದರೆ ಮಲ್ಲಿನಾಥನು ವ್ಯಾಖ್ಯಾನ ಬರೆದದ್ದು ಎಂಟು ಸರ್ಗಗಳಿಗೆ ಮಾತ್ರ. ಉಳಿದ ಒಂಬತ್ತು ಕಾಳಿದಾಸನವಲ್ಲವೆಂದು ಬಲ್ಲವರು ಹೇಳುವರು. ಆ ಒಂಬತ್ತು ಸರ್ಗಗಳನ್ನು ಬರೆದವನು ತನ್ನ ಹೆಸರನ್ನು ಹೇಳಲಿಲ್ಲ. ಹೇಳಿದ್ದರೆ ಅವನು ಒಬ್ಬ ಸಾಮಾನ್ಯ ಕವಿಯಾಗಿ ಮರ್ಯಾದೆಯಿಂದ ಉಳಿಯುತ್ತಿದ್ದನು. ಹೇಳದೆ ಮಹಾಕವಿಯ ಮನೆಯಲ್ಲಿ ಕರೆಯದೆ ಬಂದ ಅತಿಥಿಯಾದನು.

ಇದಕ್ಕೆ ಪ್ರತಿಯಾಗಿ ಬಾಣಭಟ್ಟನ ಮಗನನ್ನು ನೋಡಿರಿ. ಕಾದಂಬರಿಯನ್ನು ಮುಗಿಸದೆಯೇ ಬಾಣನು ತೀರಿಹೋದನು. ಭೂಷಣಭಟ್ಟನೆಂದೂ ಪುಲಿಂದನೆಂದೂ ಹೆಸರುಳ್ಳ ಮಗನು ಉತ್ತರಭಾಗವನ್ನು ಬರೆದು ಕಥೆಯನ್ನು ದಡ ಮುಟ್ಟಿಸಿದನು. ಆದರೆ ಆರಂಭದಲ್ಲಿಯೇ, ತಂದೆಯ ಕೃತಿಯು ನಿಂತುಹೋದದ್ದಕ್ಕಾಗಿ ಸಜ್ಜನರು ದುಃಖಪಡುವುದನ್ನು ಕಂಡು ತಾನು ಈ ಕೆಲಸಕ್ಕೆ ಕೈಹಾಕಿದೆನೇ ಹೊರತು ಕವಿತ್ವದ ದರ್ಪದಿಂದಲ್ಲವೆಂದು ಹೇಳಿಕೊಂಡನು. ತಂದೆಯ ಮಾತು ಎಲ್ಲಿ ಮುಗಿಯಿತು, ಮಗನ ಮಾತು ಎಲ್ಲಿ ಹತ್ತಿತು ಎಂಬ ಗೆರೆಯು ಇಂದಿಗೂ ಅಳಿಸಿಲ್ಲ. ನಮ್ಮ ನಾಗವರ್ಮನು ಕನ್ನಡಿಸಿದ್ದು ಆ ತಂದೆಮಕ್ಕಳಿಬ್ಬರ ಕಥೆಯನ್ನೇ. ಕನ್ನಡದಲ್ಲಿಯೂ ಹಾಗೆಯೇ: ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಮುಂದುವರಿಸಿದನು, ಆದರೆ ಕೃಷ್ಣರಾಯ ಭಾರತವೆಂಬ ಬೇರೆ ಹೆಸರಿನಿಂದ. ಗದುಗಿನ ಭಾರತಕ್ಕೆ ಅದರಿಂದ ಕೂದಲೆಳೆಯಷ್ಟೂ ಕುಂದು ಬರಲಿಲ್ಲ. ಪುಣೆಯ ಭಾಂಡಾರಕರ ಸಂಸ್ಥೆಯ ವಿದ್ವಾಂಸರು 1966ರ ಹೊತ್ತಿಗೆ ಮಹಾಭಾರತದ ಪರಿಷ್ಕೃತ ಪಾಠವನ್ನು ಪೂರೈಸಿದಾಗಲೂ, ಮೂಲವಲ್ಲವೆಂದು ತಮಗೆ ತೋರಿದ ಶ್ಲೋಕಗಳನ್ನು ಸುಟ್ಟುಹಾಕಲಿಲ್ಲ. ಅಡಿಟಿಪ್ಪಣಿಯಲ್ಲಿಯೂ ಅನುಬಂಧದಲ್ಲಿಯೂ ಇಟ್ಟರು.

ಈ ದೃಷ್ಟಾಂತಗಳಿಂದ ಒಂದು ಮಾತು ಸಿದ್ಧವಾಗುವುದು. ಸೇರಿಸುವುದು ಸ್ವತಃ ದೋಷವಲ್ಲ. ಸೇರಿಸಿದ ಗೆರೆಯನ್ನು ಅಳಿಸುವುದು ದೋಷ. ಆದರೆ ನನ್ನ ಕಪಾಟಿನ ಪ್ರಶ್ನೆಗೆ ಇಷ್ಟರಿಂದ ಉತ್ತರವಾಗಲಿಲ್ಲ. ಭೂಷಣಭಟ್ಟನು ಸೇರಿಸಿದ್ದು ತನ್ನ ಮಾತನ್ನು. ನಾವು ಸೇರಿಸಬೇಕೆಂದಿರುವುದು ಅಣ್ಣನ ದನಿಯನ್ನೇ. ಅದು ಅವನದೇ ಎಂಬಲ್ಲಿ ಸಂಶಯವಿಲ್ಲ. ಕೇಳಿಸಲು ಅವನಿಗೆ ಮನಸ್ಸಿತ್ತೋ ಇಲ್ಲವೋ ಎಂಬಲ್ಲಿ ಸಂಶಯ.

ಇದನ್ನು ಬಗೆಹರಿಸಲು ನಮ್ಮ ಧಾರವಾಡ ಸೀಮೆಯ ಗಾಯಕರ ಕಡೆಗೇ ತಿರುಗಬೇಕಾಯಿತು. ಗಂಗೂಬಾಯಿ ಹಾನಗಲ್ಲರು 1930ರ ದಶಕದ ಮೊದಲಲ್ಲಿ ಎಚ್.ಎಂ.ವಿ. ಕಂಪನಿಗೆ ಹಾಡಿದಾಗ ತಟ್ಟೆಗಳ ಮೇಲೆ ಅಚ್ಚಾದ ಹೆಸರು ಗಾಂಧಾರಿ ಹುಬ್ಬಳ್ಳಿ ಎಂದು. ಆ ತಟ್ಟೆಗಳಲ್ಲಿರುವುದು ತೆಳುವಾದ, ಮೇಲಿನ ಸ್ವರಗಳಲ್ಲಿ ಸಲೀಸಾಗಿ ಓಡಾಡುವ ಹುಡುಗಿಯ ಕಂಠ. ಮುಂದೆ ಗಂಟಲಿಗೆ ಚಿಕಿತ್ಸೆಯಾದ ಬಳಿಕ ಅವರ ದನಿಯು ದಪ್ಪವಾಗಿ ಗಂಡುದನಿಯಂತಾಯಿತು. ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯತ್ವದಲ್ಲಿ ಆ ದನಿಯೇ ಹದಗೊಂಡು, ನಾವೆಲ್ಲರೂ ಬಲ್ಲ ಆ ಗಂಭೀರವಾದ ಗಾಯನವಾಯಿತು. 2009ರಲ್ಲಿ ಅವರು ತೀರಿಕೊಂಡರು. ಹಳೆಯ ತಟ್ಟೆಗಳ ಹಾಡುಗಳು ಈಗ ಅಂತರಜಾಲದಲ್ಲಿ ಯಾರಿಗಾದರೂ ದೊರೆಯುವವು. ಪರಿಚಯವಿಲ್ಲದವನು ಕೇಳಿದರೆ ಇಬ್ಬರು ಬೇರೆ ಹೆಂಗಸರೆಂದೇ ತಿಳಿಯುವನು. ಧಾರವಾಡದ ಮಗ್ಗುಲಿನ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನಸೂರರದೂ ಹೀಗೆಯೇ. ಅವರು ಮೊದಲು ನಾಟಕದ ಕಂಪನಿಯಲ್ಲಿ ಹಾಡಿದರು; ಬಳಿಕ ಮಿರಜಿಯ ನೀಲಕಂಠಬುವಾ ಆಲೂರಮಠರಲ್ಲಿ ಗ್ವಾಲಿಯರ ಪದ್ಧತಿಯನ್ನು ಕಲಿತರು; ತರುಣರಾಗಿದ್ದಾಗಲೇ ಅವರ ತಟ್ಟೆಗಳು ಬಂದವು. ಆಮೇಲೆ ಮಂಜೀಖಾನ, ಭುರ್ಜೀಖಾನರ ಶಿಷ್ಯತ್ವದಿಂದ ಜಯಪುರ ಘರಾಣೆಯವರಾಗಿ, ನಾವು ಬಲ್ಲ ಮನಸೂರರಾದರು.

ಇಂತಹ ಹಳೆಯ ಹಾಡುಗಳನ್ನು ಮರಳಿ ಹೊರಡಿಸಿದರೆ ಅಪಚಾರವೇ? ಅಲ್ಲವೆಂದೇ ನನ್ನ ಮತ. ಅವುಗಳನ್ನು ಅವರು ಬಿಟ್ಟಿರಲಿಲ್ಲ, ಬೆಳೆದು ದಾಟಿಹೋಗಿದ್ದರು. ಆ ದಿನ, ಆ ವಯಸ್ಸಿನಲ್ಲಿ, ಇದು ನನ್ನದೆಂದು ಮನಸಾರೆ ಜನರಿಗೆ ಕೊಟ್ಟಿದ್ದರು. ಒಮ್ಮೆ ಕೊಟ್ಟುದನ್ನು ಕಾಲವು ಹಿಂದಕ್ಕೆ ಕೇಳಲಾರದು. ಹಾಡಿದ ವರ್ಷವೊಂದನ್ನು ಅದರ ಮಗ್ಗುಲಲ್ಲಿ ಬರೆದರೆ ಸಾಕು. ಕೇಳುವವನು ಕುಡಿಯನ್ನು ಕುಡಿಯೆಂದೂ ಮರವನ್ನು ಮರವೆಂದೂ ತಿಳಿಯುವನು.

ಇನ್ನೊಂದು ಸಂಗತಿಯೂ ಉಂಟು. ನಿಮಿಷಕ್ಕೆ 78 ಸುತ್ತಿನ, ಅರಗು ಬೆರೆಸಿ ಮಾಡಿದ ಆ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಮೂರುಮೂರೂವರೆ ಮಿನಿಟಿನ ಹಾಡು. ಒಂದು ರಾಗವನ್ನು ತಾಸುಗಟ್ಟಲೆ ಬಿಡಿಸುವ ಗಾಯಕನು ಆ ಮೂರು ಮಿನಿಟಿನೊಳಗೆ ಆಲಾಪವನ್ನು ಮೊಟಕು ಮಾಡಿ, ತಾನುಗಳನ್ನು ಕತ್ತರಿಸಿ, ಮುಗಿಸಬೇಕಾಗುತ್ತಿತ್ತು. ಕುಂದಗೋಳಕ್ಕೆ ಬಂದು ಸವಾಯಿ ಗಂಧರ್ವರಿಗೆ ವಿದ್ಯೆಯನ್ನು ಕೊಟ್ಟ, 1937ರಲ್ಲಿ ತೀರಿಹೋದ ಅಬ್ದುಲ್ ಕರೀಂಖಾನ ಸಾಹೇಬರ ಹಾಡು ಇಂದು ನಮಗುಳಿದಿರುವುದು ಈ ಮೂರು ಮಿನಿಟಿನ ತುಣುಕುಗಳಲ್ಲಿಯೇ. ಮುಂದೆ ಕಂಪನಿಯವರು ಅವುಗಳನ್ನು ಕೂಡಿಸಿ ದೊಡ್ಡ ತಟ್ಟೆಗಳಾಗಿ ಹೊರಡಿಸಿದರು. ಆ ತಟ್ಟೆಗಳಲ್ಲಿ ಸೇರದೆ ಹೋದ ಆಲಾಪವನ್ನು ಖಾನಸಾಹೇಬರು ಬೇಡವೆಂದು ಬಿಟ್ಟರೇ? ಇಲ್ಲ, ಸ್ಥಳವಿಲ್ಲವೆಂದು ಬಿಟ್ಟರು. ಅಂತಹದೊಂದು ಎಲ್ಲಿಯಾದರೂ ಸಿಕ್ಕಿದರೆ ಹೊರಡಿಸಬಾರದೆಂದು ಯಾರು ಹೇಳುವರು? ಹ್ಯಾರಿಸನ್ನನ ಪದಗಳು ಮೇಳದಲ್ಲಿ ಸ್ಥಳವಿಲ್ಲದೆ ಉಳಿದುದೂ ಇದೇ ಬಗೆಯದು.

ಆದುದರಿಂದ 'ಬಿಟ್ಟುದು' ಎಂಬ ಒಂದೇ ಶಬ್ದದಲ್ಲಿ ನಾಲ್ಕು ಬೇರೆ ಸಂಗತಿಗಳು ಅಡಗಿವೆ. ಹೊರಗಿನ ಅಡಚಣೆಯಿಂದ ಬಿಟ್ಟುದು ಒಂದು. ಬೆಳೆದು ದಾಟಿದುದು ಎರಡನೆಯದು. ತನ್ನ ಮನಸ್ಸಿಗೆ ಒಪ್ಪದೆ ತಳ್ಳಿಹಾಕಿದುದು ಮೂರನೆಯದು. ಕೇಳುವವರಾರೂ ಇಲ್ಲವೆಂದು ನಂಬಿ ಬಾಯಿಯಿಂದ ಹೊರಬಿದ್ದುದು ನಾಲ್ಕನೆಯದು. ಮೊದಲಿನ ಎರಡನ್ನು ಹೊರಡಿಸುವುದು ಉಪಕಾರವೆಂದೇ ಹೇಳಬೇಕು. ಕಠಿಣವಾದದ್ದು ಮೂರನೆಯದು.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಶಾಲೆಯಲ್ಲಿ ಕಲಿಸಿದವನು. ಹುಡುಗನು ಪಾಟಿಯ ಮೇಲೆ ಲೆಕ್ಕ ಮಾಡಿ, ತಪ್ಪಾಯಿತೆಂದು ತಾನೇ ಅರಿತು, ಒರಸಿ, ಮತ್ತೆ ಬರೆದು ತೋರಿಸಿದರೆ, ಒರಸಿದುದಕ್ಕೆ ನಾವು ಗುಣ ಕಡಿಮೆ ಮಾಡುತ್ತಿರಲಿಲ್ಲ. ಒರಸುವ ಸ್ವಾತಂತ್ರ್ಯವಿಲ್ಲದಿದ್ದರೆ ಕಲಿಯುವವನು ಬರೆಯಲು ಧೈರ್ಯ ಮಾಡಲಾರನು. ತಾನು ಉಸಿರೆಳೆದದ್ದೆಲ್ಲ ಮುಂದೊಂದು ದಿನ ಅಂಗಡಿಗೆ ಬರುವುದೆಂದು ತಿಳಿದ ಗಾಯಕನು ಅಭ್ಯಾಸದಲ್ಲಿಯೂ ತಪ್ಪಲು ಹೆದರುವನು. ತಪ್ಪಲು ಹೆದರಿದವನು ಹೊಸದನ್ನು ಹುಡುಕಲಾರನು. ಇದು ಒಂದು ಪಕ್ಷ. ಆದರೆ ಅದೇ ಶಾಲೆಯ ಅನುಭವವು ಇನ್ನೊಂದನ್ನೂ ಹೇಳುವುದು. ಬುದ್ಧಿವಂತನಾದ ಹುಡುಗನ ಪಾಟಿಯನ್ನು ಒರಸುವ ಮೊದಲು ನೋಡಿದ ಮಾಸ್ತರನು ಮಾತ್ರವೇ, ಅವನು ಹೇಗೆ ಯೋಚಿಸುವನೆಂಬುದನ್ನು ಬಲ್ಲನು. ಗಾನವನ್ನು ಕಲಿಯುವವರಿಗೆ ಹಿರಿಯರ ತಪ್ಪುಹೆಜ್ಜೆಗಳು ಎಷ್ಟೋ ಸಲ ಸರಿಹೆಜ್ಜೆಗಳಿಗಿಂತ ಹೆಚ್ಚಿನ ಪಾಠವಾಗುವವು. ಎರಡೂ ಪಕ್ಷಗಳಲ್ಲಿ ನಿಜವಿರುವುದರಿಂದ ಇಲ್ಲಿ ಸಾರಾಸಗಟಾದ ವಿಧಿನಿಷೇಧಗಳು ಸಲ್ಲವು. ಕಲಿಯುವವನಿಗೆ ತೋರಿಸುವುದು ಬೇರೆ, ಸಂತೆಯಲ್ಲಿ ಹರಡುವುದು ಬೇರೆ.

ಸಂತೆಯ ಮಾತು ಬಂದಿತು, ಅದನ್ನೂ ಹೇಳಿಬಿಡುವೆನು. ಹಳೆಯದನ್ನು ಕೊಂಡವನೇ ಎರಡು ಹೆಚ್ಚಿನ ಹಾಡುಗಳಿಗಾಗಿ ಮತ್ತೊಮ್ಮೆ ಇಡಿಯ ಸಂಗ್ರಹವನ್ನು ಕೊಳ್ಳುವಂತೆ ಮಾಡುವ ವ್ಯಾಪಾರವೂ ಈ ಮರುಮುದ್ರಣಗಳಲ್ಲಿ ಇಲ್ಲದಿಲ್ಲ. ಪ್ರೀತಿಯಿಂದ ಸೇರಿಸಿದುದನ್ನೂ ಲಾಭಕ್ಕಾಗಿ ಸೇರಿಸಿದುದನ್ನೂ ಹೊದಿಕೆಯ ಮೇಲಿಂದ ಗುರುತಿಸುವುದು ಕಷ್ಟ. ಕಾಯಿದೆಯನ್ನು ಕೇಳೋಣವೆಂದರೆ, ನಮ್ಮ ದೇಶದ 1957ರ ಕೃತಿಸ್ವಾಮ್ಯದ ಕಾಯಿದೆಯು ಧ್ವನಿಮುದ್ರಣಕ್ಕೆ ಪ್ರಕಟವಾದ ಮರುವರ್ಷದಿಂದ 60 ವರ್ಷಗಳ ರಕ್ಷಣೆಯನ್ನು ಕೊಡುವುದು. 2012ರ ತಿದ್ದುಪಡಿಯಿಂದ, ತನ್ನ ಹೆಸರಿಗೆ ಕುಂದು ಬರುವಂತೆ ಹಾಡನ್ನು ಕೆಡಿಸಿದರೆ ಆಕ್ಷೇಪಿಸುವ ಹಕ್ಕು ಹಾಡುಗಾರನಿಗೂ ದೊರೆತಿದೆ. ಒಳ್ಳೆಯದೇ. ಆದರೆ ಕಾಯಿದೆಯು ವರ್ಷಗಳನ್ನು ಎಣಿಸುವುದು, ಮನಸ್ಸನ್ನು ಎಣಿಸಲಾರದು. ಕಾಯಿದೆ ಮುಗಿದಲ್ಲಿಯೇ ಧರ್ಮದ ಪ್ರಶ್ನೆಯು ಹುಟ್ಟುವುದು.

ಇಷ್ಟೆಲ್ಲ ವಿಚಾರ ಮಾಡಿ, ಅಣ್ಣನ ಟೇಪಿನ ಹೆಚ್ಚಿನ ಭಾಗವು ಮೂರನೆಯ ಹಾಗೂ ನಾಲ್ಕನೆಯ ಬಗೆಯದೆಂದೂ, ಆದ್ದರಿಂದ ನಾನು ಮೊದಲು ಹೇಳಿದ್ದೇ ಸರಿಯೆಂದೂ ನಿಶ್ಚಯಿಸಿದೆನು. ಈ ಲೇಖನವನ್ನು ಅಲ್ಲಿಗೇ ಮುಗಿಸಬೇಕೆಂದು ಕೂತೆನು. ಆದರೆ ಇತರರಿಗೆ ಪ್ರಮಾಣವನ್ನು ಕೇಳುವವನು ತಾನು ಪ್ರಮಾಣವನ್ನು ನೋಡದೆ ಬರೆಯಬಾರದಲ್ಲ! ಒಂದು ಮಧ್ಯಾಹ್ನ ಬಾಗಿಲು ಮುಂದೂಡಿಕೊಂಡು ಟೇಪನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಕೇಳಿದೆನು.

ಮೇಲೆ, ಅಣ್ಣನು ನಡುವೆ ಯಾರಿಗೋ ಏನೋ ಹೇಳಿದನೆಂದು ಬರೆದಿದ್ದೇನೆ. ಆ 'ಯಾರೋ' ನಾನೇ. ಒಂಬತ್ತನೆಯ ಪದವು ಶರೀಫ ಸಾಹೇಬರದು. ಅಣ್ಣನಿಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಅದನ್ನು ಅವನು ನಾಲ್ಕು ಸಲ ಎತ್ತಿದನು. ನಾಲ್ಕು ಸಲವೂ ನನ್ನ ಪೇಟಿಯು ತಪ್ಪಿತು. ಎರಡನೆಯ ಚರಣದಲ್ಲಿ ಅವನು ಎಲ್ಲಿಗೆ ಹೋಗುವನೆಂಬುದು ನನ್ನ ಬೆರಳಿಗೆ ತಿಳಿಯಲೇ ಇಲ್ಲ. ಮೂರು ಸಲ ನಿಲ್ಲಿಸಿದನು. ನಾಲ್ಕನೆಯ ಸಲ ನಿಲ್ಲಿಸದೆ, ಕೊನೆಯವರೆಗೆ, ಪೇಟಿಯನ್ನು ಹಿಂದೆ ಬಿಟ್ಟು ಹಾಡಿ ಮುಗಿಸಿದನು. ಅವನ ಕಂಠದಲ್ಲಿ ಒಂದು ಸ್ವರವೂ ಜಾರಿಲ್ಲ. ಬಳಿಕ ಒಂದು ಕ್ಷಣ ಏನೂ ಕೇಳುವುದಿಲ್ಲ. ಆಮೇಲೆ, ಸಿಟ್ಟಿಲ್ಲದ ದನಿಯಲ್ಲಿ, 'ಇರಲಿ ಬಿಡು ತಮ್ಮಾ, ಈ ಪದಾ ಬಿಟ್ಟಬಿಡೂಣು' ಎಂದು ಹೇಳಿದ್ದು ಸ್ಪಷ್ಟವಾಗಿ ಕೇಳುವುದು.

ಅಂದಿನಿಂದ ಯಾರಾದರೂ ಆ ಪದವು ಕ್ಯಾಸೆಟ್ಟಿನಲ್ಲಿ ಏಕಿಲ್ಲವೆಂದು ಕೇಳಿದರೆ, ಅಣ್ಣನಿಗೆ ಅಂದು ಗಂಟಲು ಸರಿಯಿರಲಿಲ್ಲವೆಂದು ನಾನು ಹೇಳುತ್ತ ಬಂದಿದ್ದೆನು. ಹೇಳಿಹೇಳಿ ನಾನೇ ಅದನ್ನು ನಂಬಿಬಿಟ್ಟಿದ್ದೆನು. ಅವನ ಮುಂದೆಯೇ ಒಂದೆರಡು ಸಲ ಹೇಳಿದ್ದುಂಟು. ಅವನು ನನ್ನ ಕಡೆಗೆ ನೋಡಿ ಸುಮ್ಮನಿದ್ದನು. ತಮ್ಮನ ಮಾನಕ್ಕಾಗಿ ಅಣ್ಣನು ತನ್ನ ಗಂಟಲಿನ ಮೇಲೆ ಬಂದ ಅಪವಾದವನ್ನು ಬದುಕಿರುವವರೆಗೂ ಹೊತ್ತುಕೊಂಡನು. ಹೀಗಿರಲು, ಹಾಡುಗಾರನು ತಾನೇ ಬಿಟ್ಟುದೆಂದು ಶಾಸ್ತ್ರ ಹೇಳಿ ನಾನು ಕಾಯುತ್ತಿದ್ದದ್ದು ಯಾರ ಮಾನವನ್ನು? ಅಣ್ಣನ ಹೆಸರಿನಿಂದ ನನ್ನದನ್ನೇ. ಖಿಲ, ಪ್ರಕ್ಷೇಪ, ಪರಿಶಿಷ್ಟಗಳ ಇಷ್ಟು ವಿಚಾರವೂ ನನಗೆ ತಿಳಿಯದಂತೆಯೇ ಆ ಒಂದು ಪೇಟಿಯನ್ನು ಮುಚ್ಚುವ ಬಟ್ಟೆಯಾಗಿತ್ತು.

ಇದರಿಂದ ನನ್ನ ನಾಲ್ಕು ಬಗೆಗಳು ಸುಳ್ಳಾಗಲಿಲ್ಲ. ನಾನು ಅವುಗಳನ್ನು ಬಳಸಿದ ರೀತಿಯು ಸುಳ್ಳಾಯಿತು. ಒಂಬತ್ತನೆಯ ಪದವನ್ನು ಅವನು ತಳ್ಳಿಹಾಕಲಿಲ್ಲ, ಅಡಚಣೆಯಿಂದ ಬಿಟ್ಟನು, ಆ ಅಡಚಣೆಯು ನಾನು. ಮೂರು ಮಿನಿಟಿನ ತಟ್ಟೆಯು ಖಾನಸಾಹೇಬರ ಆಲಾಪಕ್ಕೆ ಮಾಡಿದುದನ್ನು ನನ್ನ ಬೆರಳುಗಳು ಅವನ ಪದಕ್ಕೆ ಮಾಡಿದವು. ತೀರಿಹೋದವರು ಏಕೆ ಬಿಟ್ಟರೆಂಬುದನ್ನು ನಿರ್ಣಯಿಸಲು ಕೂಡುವವನು, ಆ ಬಿಡುವಿಕೆಯಿಂದ ತನಗೇನು ಲಾಭವಾಯಿತೆಂದು ಮೊದಲು ತನ್ನನ್ನೇ ಕೇಳಿಕೊಳ್ಳಬೇಕು. ಹೊರಡಿಸಬೇಕೆನ್ನುವವರ ಲೋಭವನ್ನು ಎಲ್ಲರೂ ಕಾಣುವರು. ಹೊರಡಿಸಬೇಡವೆನ್ನುವವರಿಗೂ ಒಂದು ಲೋಭವಿರಬಹುದೆಂಬುದು ಕಾಣುವುದಿಲ್ಲ. ಅದು ಮರ್ಯಾದೆಯ ವೇಷವನ್ನು ಹಾಕಿಕೊಂಡು ಬರುವುದು.

ಮರುದಿನ ಹುಬ್ಬಳ್ಳಿಗೆ ಫೋನು ಮಾಡಿ ಅಣ್ಣನ ಮಗಳಿಗೆ ಇದ್ದದ್ದನ್ನೆಲ್ಲ ಹೇಳಿದೆನು. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, 'ಅಪ್ಪಗ ಗಂಟಲಾ ಸರಿ ಇತ್ತಲ್ಲ ಕಾಕಾ, ಅಷ್ಟ ಸಾಕು' ಎಂದಳು. ಈಗ ನಾವಿಬ್ಬರೂ ಕೂಡಿ ಮಾಡಿಕೊಂಡ ನಿರ್ಣಯವು ಹೀಗಿದೆ. ಅಣ್ಣನು ಹಂಚಿದ ಎಂಟು ಪದಗಳು ಅದೇ ಕ್ರಮದಲ್ಲಿ, ಒಂದು ಸ್ವರವನ್ನೂ ತಿದ್ದದೆ, ಮೊದಲು ಇರತಕ್ಕವು. ಅವು ಮುಗಿದ ಮೇಲೆ ಸ್ವಲ್ಪ ಹೊತ್ತು ಮೌನ. ಬಳಿಕ ಪರಿಶಿಷ್ಟವೆಂಬ ಹೆಸರಿನಿಂದ ಒಂಬತ್ತನೆಯ ಪದ, ನಾಲ್ಕನೆಯ ಸಲ ಹಾಡಿದ್ದು. ಹುಡುಗನು ಯಂತ್ರದಿಂದ ಪೇಟಿಯ ಸಪ್ಪಳವನ್ನು ಅಳಿಸಿಬಿಡಬಹುದೆಂದು ಹೇಳಿದನು. ನಾನು ಬೇಡವೆಂದೆನು, ಈ ಸಲ ಬೇಡವೆಂದದ್ದಕ್ಕೆ ಕಾರಣವು ಬೇರೆ. ಹೊದಿಕೆಯ ಮೇಲೆ ಹೀಗೆ ಬರೆಯತಕ್ಕದ್ದು: ಈ ಪದವು ಮೊದಲಿನ ಸಂಗ್ರಹದಲ್ಲಿ ಸೇರದಿದ್ದುದು ಪೇಟಿಯವನ ತಪ್ಪಿನಿಂದ, ಹಾಡಿದವರ ಗಂಟಲಿನಿಂದಲ್ಲ.

ಅಣ್ಣನು ಅತ್ತ ಭಾಗವನ್ನು ಯಾರಿಗೂ ಕೊಡುವುದಿಲ್ಲ. ಅದು ಹಾಡಲ್ಲ, ಮನೆಯ ಮಾತು. ಅದನ್ನು ಅಳಿಸಲೂ ನನಗೆ ಅಧಿಕಾರವಿಲ್ಲ. ಬೇರೆ ಟೇಪಿಗೆ ಇಳಿಸಿ ಅವನ ಮಗಳ ಕೈಗೆ ಕೊಟ್ಟಿದ್ದೇನೆ. ಕೇಳುವುದೋ ಬಿಡುವುದೋ ಅವಳಿಗೆ ಬಿಟ್ಟದ್ದು.